ನಾಲ್ಕೂವರೆ ವರ್ಷದ ಮಗ ಅಜ್ಜಿ ಮನೆ ಬಿಟ್ಟು ಬರಲು ಒಲ್ಲೆ ಅನ್ನುತ್ತಾನೆ, ಏನು ಮಾಡಲಿ?

ಬೆಟಗೇರಿ ಮಗಳು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ನಮ್ಮವರದು ಶಿಫ್ಟ್ ಕೆಲಸ. ಹೆರಿಗೆ ರಜೆ 26 ವಾರ ಸಿಕ್ಕಿತ್ತು. ಅದು ಮುಗಿದ ಮೇಲೆ ಕೂಸನ್ನು ಎಲ್ಲಿ ಬಿಡುವುದು? 2017ರಲ್ಲಿ ಕಾನೂನು ಬದಲಾದ ಮೇಲೆ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸುಗಳನ್ನು ನೋಡಿಕೊಳ್ಳಲು ವ್ಯವಸ್ಥೆ ಇರಲೇಬೇಕು. ನಮ್ಮ ಆಫೀಸಿನಲ್ಲಿ ಇರುವುದೇ 18 ಜನ. ಅತ್ತೆ ತೀರಿಕೊಂಡು ಬಹಳ ವರ್ಷ ಆಗಿದೆ. ಹಾಗಾಗಿ ಆರು ತಿಂಗಳ ಕೂಸನ್ನು ಬೆಟಗೇರಿಗೆ ಕರೆದುಕೊಂಡು ಹೋಗಿ ನಮ್ಮವ್ವನ ಉಡಿಯಲ್ಲಿ ಹಾಕಿ ಬಂದೆ. ಒಂದು ವರ್ಷ ಅಷ್ಟೇ ಅಂದುಕೊಂಡಿದ್ದೆ. ಈಗ ಅವನಿಗೆ ನಾಲ್ಕೂವರೆ.

ಪ್ರತಿ ಶನಿವಾರ ಸಂಜೆ ಹೋಗುತ್ತೇನೆ, ಸೋಮವಾರ ನಸುಕಿನ ಬಸ್ಸಿಗೆ ವಾಪಸ್. ಸುಮಾರು 60 ಕಿಲೋಮೀಟರ್ ದಾರಿ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದಮೇಲೆ ಒಮ್ಮೊಮ್ಮೆ ವಾರದ ನಡುವೆಯೂ ಹೋಗಿ ಬರುತ್ತೇನೆ. ಮಗ ಚೆನ್ನಾಗಿ ಬೆಳೆದಿದ್ದಾನೆ. ಬಿಸಿ ರೊಟ್ಟಿಯ ಮುಟಗಿ ಅಂದರೆ ಪ್ರಾಣ. ಮಣ್ಣೆತ್ತಿನ ಅಮವಾಸ್ಯೆಗೆ ತಾನೇ ಮಣ್ಣು ತಂದು ಎತ್ತು ಮಾಡುತ್ತಾನೆ. ಅವ್ವ ಒಂದು ದಿನವೂ ಅವನ ಮೇಲೆ ಕೈ ಎತ್ತಿಲ್ಲ.

ಆದರೆ ಅವನು ನನ್ನನ್ನು "ಅಕ್ಕಾ" ಅಂತ ಕರೆಯುತ್ತಾನೆ. ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ ಅನ್ನುವುದು ರೂಢಿ, ಹಾಗಾಗಿ ನಮ್ಮವ್ವ ಅವನಿಗೆ ಅಮ್ಮ. ನನ್ನ ತಮ್ಮ ನನ್ನನ್ನು ಅಕ್ಕ ಅನ್ನುವುದು ಕೇಳಿ ಇವನೂ ಅದನ್ನೇ ಕಲಿತ. ಮೊದಮೊದಲು ಎಲ್ಲರೂ ನಕ್ಕೆವು. ಹೋದ ವಾರ ಹುಬ್ಬಳ್ಳಿಯಲ್ಲಿ ಒಂದು ಶಾಲೆಗೆ ಅಡ್ಮಿಷನ್‌ಗೆ ಹೋಗಿದ್ದೆವು. ಮೇಡಂ "ಅಮ್ಮನ ಹೆಸರೇನು ಪುಟ್ಟಾ?" ಅಂದರು. ಅವನು ನಮ್ಮವ್ವನ ಹೆಸರು ಹೇಳಿದ. ಮೇಡಂ ಫಾರ್ಮ್ ನೋಡಿದರು, ನನ್ನ ಮುಖ ನೋಡಿದರು. ನನಗೆ ಆಗ ಕುರ್ಚಿಯಲ್ಲಿ ಕೂತಿರುವುದು ಕಷ್ಟ ಆಯಿತು.

ಜೂನ್‌ನಲ್ಲಿ ಶಾಲೆ ಶುರು. ಹುಬ್ಬಳ್ಳಿಗೆ ಹೋಗೋಣ ಅಂದರೆ "ನಾ ಬರಂಗಿಲ್ಲ, ಅಕ್ಕಾ ನೀ ಹೋಗು" ಅಂದು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಅವ್ವ ಏನೂ ಹೇಳುವುದಿಲ್ಲ. ನಾನು ಅವನಿಗೆ ಕೆಟ್ಟದ್ದು ಮಾಡಿಬಿಟ್ಟೆನಾ? ಕರೆದುಕೊಂಡು ಬರಬೇಕಾ, ಅಲ್ಲೇ ಬಿಡಬೇಕಾ? ಅಜ್ಜ ಅಜ್ಜಿ ಹತ್ತಿರ ಬೆಳೆದವರು, ಮಕ್ಕಳನ್ನು ಬಿಟ್ಟವರು ದಯವಿಟ್ಟು ಹೇಳಿ.

ಗೋಕುಲ ರೋಡ್:

ತಂಗಿ, ಈಗಲೇ ಕರೆದುಕೊಂಡು ಬನ್ನಿ. ತಡ ಮಾಡಿದಷ್ಟೂ ಕಷ್ಟ. ಎಷ್ಟೇ ಆದರೂ ಹೆತ್ತವರು ಹೆತ್ತವರೇ. ನಮ್ಮ ಮಗಳು ಮೂರು ವರ್ಷ ಅತ್ತೆ ಮನೆಯಲ್ಲಿದ್ದಳು. ದಿನಕ್ಕೆ ಮೂರು ಸಲ ಚಹಾ ಬಿಸ್ಕಿಟ್, ಊಟಕ್ಕೆ ಮೊಬೈಲ್ ಕೈಗೆ ಕೊಡಲೇಬೇಕು, ಮುಂದಿನ ಹಲ್ಲು ನಾಲ್ಕೂ ಹುಳುಕು. ನಾವು ಏನಾದರೂ ಹೇಳಿದರೆ "ಸಣ್ಣ ಕೂಸು, ಅಳಸಬ್ಯಾಡ್ರಿ" ಅನ್ನುತ್ತಿದ್ದರು.

ಹಾವೇರಿ ಹುಡುಗ:

ಅಕ್ಕಾ, ನಾನು ಹಾನಗಲ್ ಕಡೆಯವನು, ಈಗ 29 ವರ್ಷ. ಮೂರನೇ ವಯಸ್ಸಿನಿಂದ ಹದಿನಾರರವರೆಗೆ ಅಜ್ಜ ಅಜ್ಜಿ ಹತ್ತಿರ ಇದ್ದೆ. ಅಪ್ಪ ಅವ್ವ ಗೋವಾದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದರು. ನನಗೆ ಪ್ರೀತಿ ಕಡಿಮೆ ಆಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅಜ್ಜ ಸಂತೆಯಿಂದ ಬರುವಾಗ ನನಗೆ ಅಂತ ಪೇರಲಹಣ್ಣು ತರುತ್ತಿದ್ದ. ರಾತ್ರಿ ಅವನ ಹೊಟ್ಟೆ ಮೇಲೆ ಕಾಲು ಹಾಕಿಯೇ ಮಲಗುತ್ತಿದ್ದೆ. ಹಾಗಾಗಿ "ಕೆಟ್ಟದ್ದು ಮಾಡಿದೆನಾ" ಅನ್ನುವುದನ್ನು ಮೊದಲು ಬಿಟ್ಟುಬಿಡಿ.

ನನಗೆ ನೋವಾಗಿದ್ದು ಬೇರೆ. ದೀಪಾವಳಿಗೆ ಅಪ್ಪ ಅವ್ವ ಬರುತ್ತಿದ್ದರು. ಹೋಗುವಾಗ ನಾನು ಅಳುತ್ತೇನೆ ಅಂತ ನಿದ್ದೆಯಲ್ಲಿದ್ದಾಗ ಹೊರಟುಬಿಡುತ್ತಿದ್ದರು. ಬೆಳಿಗ್ಗೆ ಎದ್ದರೆ ಚಾಪೆ ಖಾಲಿ. ಎಲ್ಲಿ ಅಂದರೆ ಅಜ್ಜಿ "ನಾಳೆ ಬರ್ತಾರ ತಗೋ" ಅನ್ನುತ್ತಿದ್ದಳು. ಆ ನಾಳೆ ಆರು ತಿಂಗಳಾದರೂ ಬರುತ್ತಿರಲಿಲ್ಲ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದ ಸುಳ್ಳು. ಆದರೆ ಯಾರಾದರೂ ಊರಿಗೆ ಬಂದು ಹೋಗುವ ಹಿಂದಿನ ರಾತ್ರಿ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಹೆಂಡತಿ ತವರಿಗೆ ಹೋಗುವ ದಿನವೂ ಹಾಗೇ. ಕಾರಣ ಏನು ಅಂತ ನನಗೇ ತಿಳಿದದ್ದು ಮದುವೆ ಆದ ಮೇಲೆ.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಹದಿನಾರು ಆದಾಗ ಅಜ್ಜ ಹೋದ. ಮಣ್ಣಿಗೆ ಬಂದವರೆಲ್ಲ ಅಪ್ಪನ ಕೈ ಹಿಡಿದು ಸಮಾಧಾನ ಮಾಡಿದರು. ಅಪ್ಪ ಅಜ್ಜನ ಮಗ, ಅದು ಸರಿಯೇ. ಆದರೆ ಹದಿಮೂರು ವರ್ಷ ಅವನ ಜೊತೆ ಉಂಡು ಮಲಗಿದವನು ನಾನು. ನನ್ನನ್ನು "ಹೋಗು, ಬಂದವರಿಗೆ ನೀರು ಕೊಡು" ಅಂತ ಕಳಿಸಿದರು. ಎರಡೇ ವಾರಕ್ಕೆ ಗೋವಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಾನು ಅಪ್ಪನ ಜೊತೆ ಮಾತೇ ಆಡುತ್ತಿರಲಿಲ್ಲ. "ಅಜ್ಜ ಇವನನ್ನು ಕೆಡಿಸಿದ" ಅಂದ ಅಪ್ಪ. ಅವತ್ತು ನನಗೆ ಬಂದ ಸಿಟ್ಟು ಇಳಿಯಲು ವರ್ಷಗಳೇ ಬೇಕಾದವು. ಅಜ್ಜ ಹೋದ ದುಃಖದಲ್ಲಿ ನಾನು ಸುಮ್ಮನಿದ್ದೆ ಅಂತ ಯಾರಿಗೂ ಹೊಳೆಯಲಿಲ್ಲ.

ನಿಮ್ಮ ಮಗ ಅಕ್ಕ ಅಂದರೆ ಅನ್ನಲಿ. ನೀವು ಹೋಗುವಾಗ ಅವನಿಗೆ ಹೇಳಿ ಹೋಗುತ್ತೀರಾ? ನನಗೆ ಅದೊಂದನ್ನು ಹೇಳಿ.

ಬೆಟಗೇರಿ ಮಗಳು:

ತಮ್ಮಾ, ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಇಲ್ಲ. ಸೋಮವಾರ ಅವನು ಏಳುವ ಮುಂಚೆಯೇ ಹೊರಡುತ್ತೇನೆ. ನಾಲ್ಕು ವರ್ಷದಿಂದ ಹಾಗೇ ಮಾಡಿದ್ದೇನೆ.

ಕಲಘಟಗಿ ಟೀಚರ್:

ಮಗಳೇ, ನಾನು ಕಲಘಟಗಿ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಕಲಿಸಿ ನಿವೃತ್ತಿ ಆಗಿದ್ದೇನೆ. ಅಜ್ಜ ಅಜ್ಜಿ ಕೈಯಲ್ಲಿ ಬೆಳೆದ ಮಕ್ಕಳು ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ಇರುತ್ತಿದ್ದರು. ಮೊದಲ ತಿಂಗಳಲ್ಲೇ ಗೊತ್ತಾಗುತ್ತಿತ್ತು. ಅವರ ಮಾತು ಬೇರೆ. ಒಗಟು ಕೇಳಿದರೆ ಮೊದಲು ಕೈ ಎತ್ತುವವರು ಅವರೇ. ಒಬ್ಬ ಹುಡುಗನಿಗೆ ಅಜ್ಜ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲ ಬಾಯಿಪಾಠ ಮಾಡಿಸಿದ್ದರು. ಮುಂದೆ ಭಿನ್ನರಾಶಿ ಬಂದಾಗ ಆ ಹುಡುಗನೇ ಉಳಿದವರಿಗೆ ಹೇಳಿಕೊಟ್ಟ. ದೊಡ್ಡವರ ಜೊತೆ ಹೆದರದೆ ಮಾತಾಡುತ್ತಾರೆ. ಕಾಯಿಲೆ ಬಿದ್ದವರ ಹತ್ತಿರ ಕೂರಲು ಅವರಿಗೆ ಬೇಸರ ಇಲ್ಲ.

ಕಷ್ಟ ಕಾಣುತ್ತಿದ್ದದ್ದು ಮನೆಪಾಠದಲ್ಲಿ. ಓದು ಬಾರದ ಅಜ್ಜಿಗೆ ಡೈರಿಯಲ್ಲಿ ಬರೆದು ಕಳಿಸಿದರೆ ಏನು ಉಪಯೋಗ? ನಾನು ಆ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಕೂರಿಸಿಕೊಳ್ಳುತ್ತಿದ್ದೆ. ಪಾಲಕರ ಸಭೆಗೆ ಅಜ್ಜಿ ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆ. "ಅಪ್ಪ ಅವ್ವನ್ನ ಕಳಸ್ರಿ" ಅಂತ ಒಮ್ಮೆಯೂ ವಾಪಸ್ ಕಳಿಸಲಿಲ್ಲ.

ಜಾನ್ ಬೌಲ್ಬಿ ಅಂತ ಬ್ರಿಟನ್ನಿನ ಒಬ್ಬ ಮನೋವೈದ್ಯ ಇದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಇಲ್ಲದ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ವರದಿ ಬರೆದ. ಕೂಸಿಗೆ ತಾಯಿಯ, ಇಲ್ಲವೇ ತಾಯಿಯ ಜಾಗದಲ್ಲಿ ನಿಂತು ಬಿಡದೆ ನೋಡಿಕೊಳ್ಳುವ ಒಬ್ಬರ ಬೆಚ್ಚನೆ ಬೇಕು ಅನ್ನುವುದು ಅವನ ಮಾತು. ನಿಮ್ಮ ಮಗನಿಗೆ ಅದು ಸಿಕ್ಕಿದೆ. ನಿಮ್ಮವ್ವ ಕೊಟ್ಟಿದ್ದಾರೆ. ಅದಕ್ಕೇ ಅವನು ಸೆರಗು ಹಿಡಿಯುತ್ತಾನೆ. ಹಿಡಿಯಲು ಒಂದು ಸೆರಗು ಇದೆ ಅಂತ ಸಂತೋಷಪಡಿ.

ಆದರೆ ಆ ಸೆರಗಿನಿಂದ ಒಂದೇ ದಿನಕ್ಕೆ ಎಳೆಯಬೇಡಿ. ಬೌಲ್ಬಿ ಮತ್ತು ಅವನ ಜೊತೆಗಾರ ರಾಬರ್ಟ್‌ಸನ್ ಆಸ್ಪತ್ರೆಯಲ್ಲಿ ಬಿಟ್ಟುಹೋದ ಮಕ್ಕಳನ್ನು ನೋಡಿ ಬರೆದಿದ್ದಾರೆ. ಕೂಸು ಮೊದಲು ಅರಚಿ ಅಳುತ್ತದೆ. ಆಮೇಲೆ ಮಂಕಾಗುತ್ತದೆ. ಕೊನೆಗೆ ಶಾಂತ ಆಗುತ್ತದೆ. ನೋಡಿದವರು "ಹೊಂದಿಕೊಂಡಿತು" ಅಂತಾರೆ. ಅದು ಹೊಂದಿಕೊಂಡದ್ದಲ್ಲ, ಯಾರನ್ನೂ ನಂಬುವುದು ಬೇಡ ಅಂತ ಒಳಗೇ ಬಾಗಿಲು ಹಾಕಿಕೊಂಡದ್ದು. ನಿಮ್ಮ ಮಗ ಇನ್ನೂ ಬಾಯಿಬಿಟ್ಟು ಬರಂಗಿಲ್ಲ ಅನ್ನುತ್ತಿದ್ದಾನೆ. ಅದು ಒಳ್ಳೆಯದು.

ಗೋಕುಲ ರೋಡ್:

ಟೀಚರ್ ಬರೆದದ್ದು ಓದಿ ನಾನು ಹೇಳದೆ ಬಿಟ್ಟದ್ದನ್ನೂ ಹೇಳಬೇಕು ಅನಿಸಿತು. ನಾವು ಮಗಳನ್ನು ಒಂದು ಭಾನುವಾರ ಹೋಗಿ ಕರೆದುಕೊಂಡು ಬಂದೆವು. ಜಾತ್ರೆಗೆ ಹೋಗೋಣ ಅಂತ ಹೇಳಿ ಕಾರು ಹತ್ತಿಸಿದ್ದು. ಆ ರಾತ್ರಿಯಿಂದ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದಳು, ಎರಡು ತಿಂಗಳು. ನಾನು ಬೈದೆ ಕೂಡ. ಮೂರನೇ ತಿಂಗಳಿಗೆ ಸುಮ್ಮನಾದಳು. ಸರಿ ಹೋಯಿತು ಅಂತ ನಾವೂ ಅಂದುಕೊಂಡೆವು. ಇವತ್ತಿಗೂ ಜಾತ್ರೆ ಅಂದರೆ ಬರುವುದಿಲ್ಲ ಅನ್ನುತ್ತಾಳೆ. ಈಗ ಒಂಬತ್ತು ವರ್ಷ. ಇವತ್ತು ಸಂಜೆ ಅವಳ ಹತ್ತಿರ ಕೂತು ಮಾತಾಡುತ್ತೇನೆ.

ಸವಣೂರು:

ನಾನು ಬೇರೆಯದೇ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಇನ್ನೊಂದನ್ನು ತಮ್ಮ ಹತ್ತಿರ ಇಟ್ಟುಕೊಂಡರೆ? ನನ್ನನ್ನು ಬಿಟ್ಟರು, ತಮ್ಮನನ್ನು ಕರೆದುಕೊಂಡು ಹೋದರು. ಅವನು ಗಂಡು, ಸಣ್ಣವನು. ಅಜ್ಜಿ ನನ್ನನ್ನು ಕಣ್ಣರೆಪ್ಪೆ ಹಾಗೆ ನೋಡಿಕೊಂಡಳು. ಆದರೂ "ನಾನೇ ಯಾಕೆ?" ಅನ್ನುವುದಕ್ಕೆ ಅಜ್ಜಿ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಕೂಸು ಆಗುವ ಮುಂಚೆ ಇವನನ್ನು ಕರೆದುಕೊಂಡು ಬನ್ನಿ ಅಕ್ಕ. ನಾನು ಹೇಳುವುದು ಇಷ್ಟೇ.

ರೋಣ ಅಂಗನವಾಡಿ:

ನೀವೆಲ್ಲ ಶನಿವಾರ ಶನಿವಾರ ಹೋಗುವವರ ಮಾತಾಡುತ್ತಿದ್ದೀರಿ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತಾರೆ. ಗೋವಾ, ಮಂಗಳೂರು, ಬೆಂಗಳೂರು, ಕಬ್ಬು ಕಡಿಯುವ ಕಡೆ. ಅವರಿಗೆ ಯೋಚನೆ ಮಾಡುವ ಅವಕಾಶವೇ ಇಲ್ಲ. ತಗಡಿನ ಶೆಡ್ಡಿಗೆ ಕೂಸನ್ನು ಕರೆದುಕೊಂಡು ಹೋಗುವುದಕ್ಕಿಂತ ಅಜ್ಜಿ ಮನೆ ಎಷ್ಟೋ ವಾಸಿ. ಇಲ್ಲಿ ಕೇಂದ್ರಕ್ಕೆ ಬರುತ್ತದೆ, ಊಟ ಸಿಗುತ್ತದೆ, ತಿಂಗಳಿಗೊಮ್ಮೆ ತೂಕ ನೋಡುತ್ತೇವೆ.

ನನ್ನ ತಲೆನೋವು ತಾಯಿ ಕಾರ್ಡ್, ಕೂಸಿಗೆ ಹಾಕಿದ ಸೂಜಿಗಳನ್ನು ಬರೆದಿಡುವ ಕಾರ್ಡ್. ತಾಯಿ ಅದನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಿಬಿಡುತ್ತಾಳೆ. ಕೂಸಿಗೆ 9 ತಿಂಗಳಿಗೆ ದಡಾರ ರುಬೆಲ್ಲಾ ಸೂಜಿ ಆಗಿದೆಯೋ ಇಲ್ಲವೋ ಅಜ್ಜಿಗೆ ಗೊತ್ತಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಎರಡನೇದು ಹಾಕಬೇಕು. ಐದು ತುಂಬಿದ ಮೇಲೆ ಡಿಪಿಟಿ ಅಂತ ಬೇರೆ ಸೂಜಿ ಇದೆ. ಕಾರ್ಡ್ ಯಾವಾಗಲೂ ಕೂಸು ಇರುವ ಮನೆಯಲ್ಲೇ ಇರಲಿ. ಅಡುಗೆ ಮನೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಅಂತ ನಾನು ಎಲ್ಲ ಅಜ್ಜಿಯರಿಗೂ ಹೇಳುತ್ತೇನೆ.

ಮಕ್ಕಳ ಡಾಕ್ಟರ್, ಹಾವೇರಿ:

ಅಂಗನವಾಡಿ ಅಕ್ಕನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಂದೇ ವಿಷಯ ಸೇರಿಸುತ್ತೇನೆ, ಇದನ್ನು ಯಾರೂ ಯೋಚಿಸುವುದಿಲ್ಲ. ವಯಸ್ಸಾದವರ ಮನೆಯಲ್ಲಿ ಬಿಪಿ, ಶುಗರ್ ಗುಳಿಗೆ ಇದ್ದೇ ಇರುತ್ತವೆ. ದಿಂಬಿನ ಕೆಳಗೆ, ಟಿವಿ ಮೇಲೆ, ಸಂಚಿಯಲ್ಲಿ. ಕೂಸು ಪೆಪ್ಪರಮೆಂಟ್ ಅಂತ ಬಾಯಿಗೆ ಹಾಕಿಕೊಳ್ಳುತ್ತದೆ. ಕೆಲವು ಶುಗರ್ ಗುಳಿಗೆ ಒಂದೇ ಒಂದು ನುಂಗಿದರೂ ಮಗುವಿನ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಗುಳಿಗೆ ಡಬ್ಬಿಯನ್ನು ಎತ್ತರದ ಅಟ್ಟಕ್ಕೆ ಇಡಿ. ನುಂಗಿದೆ ಅನುಮಾನ ಬಂದರೆ ಕಾಯಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.

ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಊಟದ ಜೊತೆ ಚಹಾ ಕೊಟ್ಟರೆ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಣ್ಣೆ ತಿಕ್ಕಿ ಎರೆಯುವುದು, ಲಾಲಿ, ಕಥೆ ಇವೆಲ್ಲ ಧಾರಾಳವಾಗಿ ಮಾಡಲಿ. ಅಜ್ಜಿಗೆ ಬೈದು ಹೇಳಿದರೆ ಕೇಳುವುದಿಲ್ಲ. ಅವರನ್ನೇ ಕೂಸಿನ ಜೊತೆ ನನ್ನ ಹತ್ತಿರ ಕಳಿಸಿದರೆ ನಾನು ಕೂರಿಸಿ ಹೇಳುತ್ತೇನೆ, ಆಗ ಕೇಳುತ್ತಾರೆ.

ಮೂರು ಮೊಮ್ಮಕ್ಕಳ ಅಮ್ಮ:

ನನಗೆ ಮೊಬೈಲಿನಲ್ಲಿ ಬರೆಯಲು ಬರುವುದಿಲ್ಲ. ಮೊಮ್ಮಗಳು ಎಲ್ಲರದೂ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ನಮ್ಮದು ಗದಗ. ನನಗೆ 64.

ಎಲ್ಲರೂ ಕೂಸಿನ ಮಾತಾಡಿದಿರಿ, ತಾಯಿಯ ಮಾತಾಡಿದಿರಿ. ಆ ಬೆಟಗೇರಿ ಅವ್ವನನ್ನು ಯಾರಾದರೂ ಕೇಳಿದಿರಾ? ಮಗಳು ಬರೆದಿದ್ದಾಳೆ, ಅವ್ವ ಏನೂ ಹೇಳುವುದಿಲ್ಲ ಅಂತ. ನನಗೆ ಅದು ತಿಳಿಯುತ್ತದೆ. ಇಟ್ಟುಕೊಳ್ಳುತ್ತೇನೆ ಅಂದರೆ "ನಮ್ಮ ಕೂಸನ್ನು ಕಸಿದುಕೊಂಡಳು" ಅಂತಾರೆ. ಕರೆದುಕೊಂಡು ಹೋಗು ಅಂದರೆ "ಬ್ಯಾಸರಾತು" ಅಂತಾರೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಕೂರುತ್ತೇವೆ.

ಮೊಮ್ಮಕ್ಕಳ ಮೇಲೆ ಜೀವ ಜಾಸ್ತಿ, ಸುಳ್ಳಲ್ಲ. ಆದರೆ ಮೊಣಕಾಲು ಕೇಳುವುದಿಲ್ಲ. ಎರಡು ವರ್ಷದ ಹುಡುಗ ರಸ್ತೆಗೆ ಓಡಿದರೆ ನಾನು ಎದ್ದು ನಿಲ್ಲುವಷ್ಟರಲ್ಲಿ ಅವನು ಆ ಕಡೆ ಇರುತ್ತಾನೆ. ರಾತ್ರಿ ಕೂಸಿಗೆ ಜ್ವರ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ನನ್ನ ಮಕ್ಕಳಿಗೆ ಜ್ವರ ಬಂದಾಗ ಹಾಗೆ ಆಗುತ್ತಿರಲಿಲ್ಲ. ಇದು ಒಬ್ಬರು ನಂಬಿ ಕೊಟ್ಟ ಜೀವ, ನಾಳೆ ಕೇಳಿದರೆ ಉತ್ತರ ಕೊಡಬೇಕಲ್ಲ. ಹಿರಿಮಗಳ ಮಕ್ಕಳು ಹುಬ್ಬಳ್ಳಿಗೆ ಹೋದ ದಿನ ಎರಡು ರೊಟ್ಟಿ ಜಾಸ್ತಿ ಬಡಿದಿದ್ದೆ, ರೂಢಿಯಲ್ಲಿ. ಬುಟ್ಟಿಯಲ್ಲೇ ಉಳಿದವು.

ಮಗಳೇ, ನಿಮ್ಮ ಅವ್ವನ ಹತ್ತಿರ ಹೋಗಿ ಕೂತು ಕೇಳು. ಕೂಸಿನ ಮಾತು ಆಮೇಲೆ. "ನಿನಗ ಹೆಂಗೈತಿ?" ಅಂತ ಮೊದಲು ಕೇಳು. ಇನ್ನೊಂದು, ಅವನು ಹೊದೆಯುವ ಕೌದಿಯನ್ನು ತೊಳೆಯದೆ ಹಾಗೇ ಜೊತೆಗೆ ತೆಗೆದುಕೊಂಡು ಹೋಗು. ಅದರಲ್ಲಿ ಆ ಮನೆಯ ವಾಸನೆ ಇರುತ್ತದೆ.

ಧಾರವಾಡ ವಕೀಲ:

ಅಮ್ಮಾವ್ರು ಬರೆಸಿದ್ದು ಓದಿದ ಮೇಲೆ ಕಾನೂನಿನ ಮಾತು ಒಣ ಅನಿಸುತ್ತದೆ. ಆದರೂ ಬೇಕಾಗುತ್ತದೆ. ಎಷ್ಟೇ ವರ್ಷ ಸಾಕಿದರೂ ಅಜ್ಜ ಅಜ್ಜಿ ಕಾನೂನಿನ ಕಣ್ಣಿಗೆ ತಾವಾಗಿಯೇ ಪಾಲಕರಾಗುವುದಿಲ್ಲ. ಅಪ್ಪ ಅಮ್ಮ ದೂರ ಇದ್ದರೆ, ಶಾಲೆ ಮತ್ತು ಆಸ್ಪತ್ರೆಯ ಕೆಲಸಕ್ಕೆ ಅಜ್ಜಿಗೆ ಒಪ್ಪಿಗೆ ಇದೆ ಅಂತ ಒಂದು ಪತ್ರ ಬರೆದು ಸಹಿ ಮಾಡಿ ಕೊಟ್ಟಿರಿ. ಜೊತೆಗೆ ನಿಮ್ಮ ಆಧಾರ್ ಪ್ರತಿ, ಕೂಸಿನ ಜನನ ಪ್ರಮಾಣಪತ್ರ ಇರಲಿ. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಕೋರ್ಟಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ಅಂಥ ಮಕ್ಕಳಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಿರಿಯರಿಗೇ ತೊಂದರೆ ಇದ್ದರೆ ಹಿರಿಯರ ಸಹಾಯವಾಣಿ 14567.

ಕಲಘಟಗಿ ಟೀಚರ್:

ಹಾವೇರಿ ಹುಡುಗ, ನಿನ್ನ ಮಾತು ಮನಸ್ಸಿನಿಂದ ಹೋಗುತ್ತಿಲ್ಲ ತಮ್ಮಾ. ನಿದ್ದೆ ಬಾರದ ರಾತ್ರಿಗಳ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416, ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೂ ಹೋಗಬಹುದು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹಾವೇರಿ ಹುಡುಗ:

ಆಯಿತು ಟೀಚರ್. ನಿನ್ನೆ ಹೆಂಡತಿಗೆ ಅಜ್ಜನ ಮಣ್ಣಿನ ದಿನದ ಕಥೆ ಪೂರ್ತಿ ಹೇಳಿದೆ. ಮೊದಲ ಸಲ.

ಬೆಟಗೇರಿ ಮಗಳು:

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಕೇಳುತ್ತಿದ್ದಿರಿ.

ಮೊದಲು ಅವ್ವನ ಹತ್ತಿರ ಕೂತೆ. "ನಿನಗ ಹೆಂಗೈತಿ ಯವ್ವಾ?" ಅಂದೆ. ಬಹಳ ಹೊತ್ತು ಶೇಂಗಾ ಸುಲಿಯುತ್ತಲೇ ಇದ್ದಳು. ಆಮೇಲೆ "ನೀ ಕೂಸಿನ್ನ ಕರಕೊಂಡು ಹೋದಮ್ಯಾಲೆ ಶನಿವಾರ ಬರ್ತೀಯೋ ಇಲ್ಲೋ?" ಅಂದಳು. ಅವಳ ಭಯ ಅದು. ಮಗನ ಜೊತೆ ನಾನೂ ದೂರ ಆಗುತ್ತೇನೆ ಅಂತ. ನಾಲ್ಕು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ.

ಆ ವಾರದಿಂದ ನಸುಕಿನಲ್ಲಿ ಕದ್ದು ಹೋಗುವುದು ನಿಲ್ಲಿಸಿದೆ. ಸೋಮವಾರ ಮಗನನ್ನು ಎಬ್ಬಿಸಿ, ಹೋಗುತ್ತೇನೆ, ಶನಿವಾರ ಬರುತ್ತೇನೆ ಅಂತ ಹೇಳಿದೆ. ಮೊದಲ ಮೂರು ಸೋಮವಾರ ಓಣಿಗೆಲ್ಲ ಕೇಳುವ ಹಾಗೆ ಅತ್ತ. ನಾನೂ ಬಸ್ಸಿನಲ್ಲಿ ಅತ್ತೆ. ನಾಲ್ಕನೇ ಸೋಮವಾರ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಶನಿವಾರ ತೋರಿಸಿ "ಇಲ್ಲಿ ಬರ್ತಿ?" ಅಂದ.

ಮೇ ಕೊನೆಗೆ ಅವ್ವನೂ ಅವನೂ ಇಬ್ಬರೂ ಹುಬ್ಬಳ್ಳಿಗೆ ಬಂದರು. ಅವ್ವ ಇಪ್ಪತ್ತು ದಿನ ಇದ್ದಳು. ಶಾಲೆಗೆ ಅವಳೇ ಬಿಟ್ಟು ಬಂದಳು, ಆಮೇಲೆ ನಾನೂ ಅವಳೂ, ಆಮೇಲೆ ನಾನೊಬ್ಬಳೇ. ನಮ್ಮವರು ಶಿಫ್ಟ್ ಬದಲಿಸಿಕೊಂಡರು, ಮಧ್ಯಾಹ್ನ ಮಗನನ್ನು ಅವರೇ ಕರೆದುಕೊಂಡು ಬರುತ್ತಾರೆ. ಅವ್ವ ಹೊರಟಿದ್ದು ಹಗಲಲ್ಲಿ, ಅವನ ಕಣ್ಣೆದುರೇ, ಅವನಿಗೆ ಹೇಳಿಯೇ. ಬಸ್ ಸ್ಟ್ಯಾಂಡಿನಲ್ಲಿ ಬಹಳ ಕಷ್ಟ ಆಯಿತು. ಆ ರಾತ್ರಿ ಕೌದಿಯನ್ನು ತಲೆವರೆಗೆ ಹೊದ್ದು ಮಲಗಿದ. ಹೌದು ಅಮ್ಮಾವ್ರೇ, ತೊಳೆದಿರಲಿಲ್ಲ.

ಹಾಸಿಗೆ ಎರಡು ಸಲ ಒದ್ದೆ ಆಯಿತು. ಗೋಕುಲ ರೋಡ್ ಅಣ್ಣನವರು ಬರೆದದ್ದು ನೆನಪಾಗಿ, ಏನೂ ಅನ್ನದೆ ಬಟ್ಟೆ ಬದಲಿಸಿದೆ. ಅಕ್ಕ ಅನ್ನುವುದು ಹೋಗಿಲ್ಲ. ಶಾಲೆಯಲ್ಲಿ ಮೇಡಂಗೆ "ಅಕ್ಕ ಅಂದ್ರ ನಮ್ಮ ಮಮ್ಮಿ" ಅಂತ ಅವನೇ ಹೇಳಿದ್ದಾನಂತೆ. ದಿನಾ ಸಂಜೆ ಏಳಕ್ಕೆ ಅವ್ವನಿಗೆ ವಿಡಿಯೋ ಕಾಲ್, ತಪ್ಪಿಸುವುದಿಲ್ಲ. ಅವ್ವನ ಮೊಣಕಾಲನ್ನು ಡಾಕ್ಟರಿಗೆ ತೋರಿಸಿದ್ದೇವೆ.

ಈಗ ಟೀಚರ್‌ಗೆ ಒಂದು ಪ್ರಶ್ನೆ. ನಾಗರ ಪಂಚಮಿಗೆ ಜೋಕಾಲಿ ಕಟ್ಟುತ್ತೇನೆ, ನಾಲ್ಕು ದಿನ ಕಳಿಸು ಅಂತ ಅವ್ವ ಕೇಳುತ್ತಿದ್ದಾಳೆ. ನನಗೆ ರಜೆ ಸಿಗುವುದು ಎರಡೇ ದಿನ. ಉಳಿದ ಎರಡು ದಿನ ಅವನನ್ನು ಅಲ್ಲೇ ಬಿಟ್ಟು ಬಂದರೆ ಮತ್ತೆ ಮೊದಲಿನಿಂದ ಶುರು ಆಗುತ್ತದಾ?

ಕಲಘಟಗಿ ಟೀಚರ್:

ಬಿಟ್ಟು ಬಾ ಮಗಳೇ. ಬರುವಾಗ ಯಾವ ದಿನ, ಯಾವ ಬಸ್ಸಿಗೆ ವಾಪಸ್ ಬರುತ್ತೀ ಅಂತ ಅವನಿಗೆ ಹೇಳು. ಆ ಬಸ್ಸಿಗೇ ಬಾ.